ಸ್ಯಾಕ್ "ಗರ್ಭಕೋಶದಲ್ಲೇ ಇದೆ" ಅಂದರು, ಇದ್ದದ್ದು ಸಿಸೇರಿಯನ್ ಹೊಲಿಗೆಯ ಮೇಲೆ: ಅಪರೂಪದ ಎಕ್ಟೋಪಿಕ್ ಆದವರು ಇಲ್ಲಿ ಬರೆಯಿರಿ

ತಿಳಿನೀರು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಕೈ ಬಂದಿರಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನನಗೆ ಎರಡು ಸಿಸೇರಿಯನ್ ಆಗಿವೆ. ಮೂರನೇ ಸಲ ಆರು ವಾರ ಆಗಿದ್ದಾಗ ಸ್ವಲ್ಪ ಸ್ವಲ್ಪ ಕಂದು ಬಣ್ಣದ ರಕ್ತ ಕಾಣಿಸಿತು. ನೋವು ಇರಲಿಲ್ಲ. ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿ, "ಸ್ಯಾಕ್ (ಗರ್ಭದ ಚೀಲ) ಗರ್ಭಕೋಶದಲ್ಲೇ ಇದೆ, ಸ್ವಲ್ಪ ಕೆಳಗಿದೆ, ಗರ್ಭಪಾತ ಆಗುತ್ತಿರಬಹುದು, ಒಂದು ವಾರ ನೋಡಿ ಆಮೇಲೆ ಕ್ಲೀನ್ ಮಾಡೋಣ" ಅಂದರು. ಗರ್ಭಕೋಶದಲ್ಲೇ ಇದೆ ಅಂದಮೇಲೆ ಎಕ್ಟೋಪಿಕ್ ಅಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ. ಎಕ್ಟೋಪಿಕ್, ಅಂದರೆ ಜಾಗ ತಪ್ಪಿ ಕೂರುವ ಗರ್ಭ, ಟ್ಯೂಬಿನಲ್ಲಿ (ಗರ್ಭನಾಳದಲ್ಲಿ) ಆಗುವುದು ಅಂತಷ್ಟೇ ನನಗೆ ಗೊತ್ತಿದ್ದದ್ದು.

ಮನಸ್ಸು ತಡೆಯದೆ ನಾಲ್ಕನೇ ದಿನ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಯೋನಿಯ ಮೂಲಕ ಮಾಡುವ ಸ್ಕ್ಯಾನ್, ಅಂದರೆ ಟಿವಿಎಸ್ ಮಾಡಿದರು. ಮೂತ್ರ ಪೂರ್ತಿ ಖಾಲಿ ಮಾಡಬೇಡಿ, ಸ್ವಲ್ಪ ಇರಲಿ ಅಂದಿದ್ದರು. ಸ್ಕ್ರೀನ್ ನನ್ನ ಕಡೆ ತಿರುಗಿಸಿ ಪೆನ್ನಿನ ತುದಿ ಇಟ್ಟು ತೋರಿಸಿದರು. ಈ ಕಪ್ಪು ಜಾಗ ಮೂತ್ರಕೋಶ, ಇದು ಸ್ಯಾಕ್, ಎರಡರ ನಡುವೆ ಕೂದಲಿನ ಹಾಗೆ ಕಾಣುವ ಈ ಗೆರೆಯೇ ನಿಮ್ಮ ಗರ್ಭಕೋಶದ ಗೋಡೆ, 2 ಮಿಲಿಮೀಟರ್ ಉಳಿದಿದೆ ಅಂದರು. ಸ್ಯಾಕಿನೊಳಗೆ ಒಂದು ಚುಕ್ಕಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ನೋಡಿದ ಮೇಲೆ ಅವರು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ.

ಅದು ಸಿಸೇರಿಯನ್ ಸ್ಕಾರ್ ಪ್ರೆಗ್ನೆನ್ಸಿ, ಅಂದರೆ ಹಳೆಯ ಸಿಸೇರಿಯನ್ ಗಾಯದ ಗುರುತಿನಲ್ಲೇ ಬೇರೂರಿದ ಗರ್ಭ. ಸುಮ್ನೆ ಕ್ಲೀನ್ ಮಾಡಲು ಹೋಗಿದ್ದರೆ ಮೇಜಿನ ಮೇಲೇ ವಿಪರೀತ ರಕ್ತ ಹೋಗಬಹುದಿತ್ತು ಅಂತ ಆಮೇಲೆ ತಿಳಿಯಿತು. ನನಗೆ ಸ್ಯಾಕಿನೊಳಗೇ ಸೂಜಿ ಹಾಕಿ, ಗರ್ಭದ ಬೆಳವಣಿಗೆ ನಿಲ್ಲಿಸುವ ಮೆಥೋಟ್ರೆಕ್ಸೇಟ್ ಔಷಧಿ ಕೊಟ್ಟರು. ಕೆಲವು ದಿನ ಬಿಟ್ಟು, ಸ್ಕ್ಯಾನ್ ನೋಡಿಕೊಂಡೇ ಸಕ್ಷನ್ ಮಾಡಿ, ರಕ್ತ ನಿಲ್ಲಲು ಬಲೂನ್ ಇಟ್ಟರು. ಗರ್ಭಕೋಶ ಉಳಿಯಿತು. ಇಂಥದ್ದು ಆದವರು, ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಹುಡುಕಿದಾಗ ಕನ್ನಡದಲ್ಲಿ ನನಗೆ ಏನೂ ಸಿಗಲಿಲ್ಲ.

ಸ್ಕ್ಯಾನ್‌ಕೋಣೆ

ಅಕ್ಕ, ನಾನು ದಿನವಿಡೀ ಇದೇ ಸ್ಕ್ಯಾನ್ ಮಾಡುವವನು. ಬರೆದದ್ದು ಒಳ್ಳೆಯದಾಯಿತು.

ನೂರು ಗರ್ಭಗಳಲ್ಲಿ ಒಂದೆರಡು ಎಕ್ಟೋಪಿಕ್ ಆಗುತ್ತವೆ. ಅವುಗಳಲ್ಲಿ 90%ಕ್ಕಿಂತ ಜಾಸ್ತಿ ಟ್ಯೂಬಿನಲ್ಲೇ. ಹಾಗಾಗಿ ಎಲ್ಲರ ಕಣ್ಣೂ ಮೊದಲು ಟ್ಯೂಬಿನ ಕಡೆ ಹೋಗುತ್ತದೆ. ಉಳಿದ ಸ್ವಲ್ಪ ಎಲ್ಲಿ ಕೂರುತ್ತವೆ ನೋಡಿ: ಸಿಸೇರಿಯನ್ ಗಾಯದ ಗುರುತಿನಲ್ಲಿ, ಸರ್ವಿಕ್ಸ್‌ನಲ್ಲಿ (ಗರ್ಭಕೋಶದ ಬಾಯಿಯಲ್ಲಿ), ಟ್ಯೂಬ್ ಗರ್ಭಕೋಶದ ಗೋಡೆಯನ್ನು ತೂರಿ ಬರುವ ಜಾಗದಲ್ಲಿ, ಅಂಡಾಶಯದಲ್ಲಿ, ಹೊಟ್ಟೆಯೊಳಗೆ. ಇದರಲ್ಲಿ ಮೊದಲ ಮೂರೂ ಗರ್ಭಕೋಶಕ್ಕೆ ಅಂಟಿಕೊಂಡೇ ಇವೆ. "ಗರ್ಭಕೋಶದಲ್ಲೇ ಇದೆ" ಎಂಬ ಮಾತು ಅಪಾಯ ಆಗುವುದು ಅದಕ್ಕೇ. ಗರ್ಭಕೋಶದಲ್ಲಿ ಇದ್ದರೆ ಸಾಲದು, ಗರ್ಭಕೋಶದ ಒಳಪದರದ ಮಧ್ಯೆ ಇರಬೇಕು.

ಗರ್ಭಪಾತ ಆಗಿ ಕೆಳಗೆ ಜಾರುತ್ತಿರುವ ಸ್ಯಾಕ್ ಮತ್ತು ಸ್ಕಾರ್‌ನಲ್ಲಿ ಬೇರೂರಿದ ಸ್ಯಾಕ್, ಎರಡೂ ಒಂದೇ ಜಾಗದಲ್ಲಿ ಕಾಣಬಹುದು. ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ ಅಂದರೆ, ಪ್ರೋಬ್‌ನಿಂದ ಮೆಲ್ಲಗೆ ಒತ್ತುತ್ತೇವೆ. ಜಾರುತ್ತಿರುವ ಸ್ಯಾಕ್ ಒತ್ತಿದಾಗ ಆಚೀಚೆ ಸರಿಯುತ್ತದೆ. ಬೇರೂರಿದ್ದು ಅಲುಗಾಡುವುದಿಲ್ಲ. ಆಮೇಲೆ ಡಾಪ್ಲರ್ ಹಾಕಿದರೆ ಬೇರೂರಿದ್ದರ ಸುತ್ತ ರಕ್ತ ಹರಿಯುವುದು ಬಣ್ಣದಲ್ಲಿ ಕಾಣುತ್ತದೆ, ಜಾರುತ್ತಿರುವುದರ ಸುತ್ತ ಸಾಮಾನ್ಯವಾಗಿ ಕಾಣುವುದಿಲ್ಲ. ಸ್ಕಾರ್ ಆಗಿದ್ದರೆ ಗರ್ಭಕೋಶದ ಒಳಗೆ ಖಾಲಿ, ಸರ್ವಿಕ್ಸ್ ಒಳಗೂ ಖಾಲಿ, ಸ್ಯಾಕ್ ಮಾತ್ರ ಮುಂದಿನ ಗೋಡೆಯಲ್ಲಿ ಮೂತ್ರಕೋಶದ ಪಕ್ಕ ಕೂತಿರುತ್ತದೆ.

ಇನ್ನೊಂದು ಮುಖ್ಯ ಮಾತು. ಇದನ್ನು ಆರು ಏಳು ವಾರದಲ್ಲಿ ಹಿಡಿಯುವುದು ಸುಲಭ. ಆಮೇಲೆ ಸ್ಯಾಕ್ ಬೆಳೆದು ಮೇಲಕ್ಕೆ, ಖಾಲಿ ಜಾಗದ ಕಡೆ ಚಾಚುತ್ತದೆ. ಆಗ ನೋಡಿದವರಿಗೆ ಮಾಮೂಲಿ ಗರ್ಭದ ಹಾಗೇ ಕಾಣುತ್ತದೆ, ಬೇರು ಮಾತ್ರ ಗಾಯದಲ್ಲೇ ಇರುತ್ತದೆ.

ನೀಲಿಕೊಡೆ

ನನ್ನದು ಇಂಟರ್‌ಸ್ಟಿಷಿಯಲ್, ಟ್ಯೂಬ್ ಗರ್ಭಕೋಶದ ಗೋಡೆಯನ್ನು ತೂರಿ ಬರುವ ಜಾಗದಲ್ಲಿ ಆದದ್ದು. ಮೊದಲ ಸಲ ಟ್ಯೂಬಿನಲ್ಲಿ ಆಗಿ ಬಲಗಡೆ ಟ್ಯೂಬ್ ತೆಗೆದಿದ್ದರು. ಆ ಕಡೆ ಇನ್ನು ಆಗುವ ಪ್ರಶ್ನೆಯೇ ಇಲ್ಲ ಅಂತ ನಾನೂ ಮನೆಯವರೂ ನಂಬಿದ್ದೆವು. ಎರಡನೇ ಸಲ ಆದದ್ದು ಬಲಗಡೆಯೇ. ಹೇಗೆ ಸಾಧ್ಯ ಅಂತ ಡಾಕ್ಟರನ್ನು ಕೇಳಿದೆ. ಟ್ಯೂಬ್ ತೆಗೆಯುವಾಗ ಹೊರಗೆ ಕಾಣುವ ಭಾಗ ತೆಗೆಯುತ್ತಾರೆ, ಗರ್ಭಕೋಶದ ಗೋಡೆಯೊಳಗೆ ಹುದುಗಿರುವ ಒಂದೆರಡು ಸೆಂಟಿಮೀಟರ್ ತುಂಡು ಅಲ್ಲೇ ಉಳಿಯುತ್ತದೆ, ಗರ್ಭ ಅಲ್ಲಿ ಕೂತಿದೆ ಅಂದರು. ಟ್ಯೂಬ್ ತೆಗೆಸಿಕೊಂಡ ಎಷ್ಟು ಜನರಿಗೆ ಇದು ಗೊತ್ತಿದೆ ಹೇಳಿ?

ನನ್ನ ಮೊದಲ ರಿಪೋರ್ಟಿನಲ್ಲಿ "ಗರ್ಭಕೋಶದ ಬಲಮೂಲೆಯಲ್ಲಿ ಸ್ಯಾಕ್" ಅಂತ ಇತ್ತು. ಮೂಲೆಯಲ್ಲಿದ್ದರೆ ಏನಾಯಿತು, ಬೆಳೆಯುತ್ತಾ ಮಧ್ಯಕ್ಕೆ ಬರುತ್ತದೆ ಅಂತ ಯಾರೋ ಧೈರ್ಯ ಹೇಳಿದ್ದರು.

ಸ್ಕ್ಯಾನ್‌ಕೋಣೆ

ನೀಲಿಕೊಡೆ ಅವರೇ, ಆ ಮೂಲೆ ನಮಗೂ ಕಷ್ಟದ್ದೇ. ಅಲ್ಲಿ ನಾವು ನೋಡುವುದು ಹೀಗೆ: ಸ್ಯಾಕ್ ಗರ್ಭಕೋಶದ ಒಳಜಾಗದ ಅಂಚಿನಿಂದ 1 ಸೆಂಟಿಮೀಟರಿಗಿಂತ ದೂರ ಇದೆಯಾ, ಅದರ ಸುತ್ತಲಿನ ಸ್ನಾಯು 5 ಮಿಲಿಮೀಟರಿಗಿಂತ ತೆಳ್ಳಗಿದೆಯಾ. ಗರ್ಭಕೋಶದ ಒಳಪದರದಿಂದ ಸ್ಯಾಕಿನ ತನಕ ಒಂದು ಸಣ್ಣ ಬಿಳಿ ಗೆರೆ ಕಾಣಿಸಿದರೆ ಅದು ಬಲವಾದ ಸುಳಿವು. ಗೆರೆ ಕಾಣದಿದ್ದರೆ ಇಲ್ಲ ಅಂತಲ್ಲ. ಅನುಮಾನ ಇದ್ದರೆ 3ಡಿ ಸ್ಕ್ಯಾನ್ ತುಂಬಾ ಸಹಾಯ ಮಾಡುತ್ತದೆ, ಗರ್ಭಕೋಶವನ್ನು ಎದುರಿಂದ ನೋಡಿದ ಹಾಗೆ ಕಾಣುತ್ತದೆ.

ಪ್ರಸೂತಿವಾರ್ಡ್

ನಾನು ಸ್ತ್ರೀರೋಗ ತಜ್ಞೆ. ನೀಲಿಕೊಡೆ ಅವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ.

ಇಂಟರ್‌ಸ್ಟಿಷಿಯಲ್ ಜಾಗದಲ್ಲಿ ಸುತ್ತ ಸ್ನಾಯು ಇರುವುದರಿಂದ ಅದು ಹಿಗ್ಗುತ್ತದೆ. ಟ್ಯೂಬಿನ ಬೇರೆ ಕಡೆ ಆದದ್ದಕ್ಕಿಂತ ತಡವಾಗಿ ಒಡೆಯುತ್ತದೆ. ತಡ ಆಗುವುದು ಒಳ್ಳೆಯದಲ್ಲ. ಗರ್ಭಕೋಶಕ್ಕೆ ಮತ್ತು ಅಂಡಾಶಯಕ್ಕೆ ಹೋಗುವ ರಕ್ತನಾಳಗಳು ಸೇರುವುದೇ ಅಲ್ಲಿ, ಒಡೆದರೆ ರಕ್ತ ಧಾರೆಯಾಗಿ ಹೋಗುತ್ತದೆ. ಎಂಟು ಹತ್ತು ವಾರದ ತನಕ ಏನೂ ತೊಂದರೆ ಇಲ್ಲದೆ ಓಡಾಡಿಕೊಂಡಿದ್ದವರು ಅರ್ಧ ಗಂಟೆಯಲ್ಲಿ ಬಿಪಿ ಸಿಗದ ಸ್ಥಿತಿಗೆ ಬಂದದ್ದನ್ನು ನಾನೇ ನೋಡಿದ್ದೇನೆ.

ಬೇಗ ಸಿಕ್ಕಿದರೆ ದಾರಿಗಳಿವೆ. ಎಕ್ಟೋಪಿಕ್‌ಗೆ ಮೆಥೋಟ್ರೆಕ್ಸೇಟ್ ಕೊಟ್ಟು ಗುಣವಾದ ಮೊದಲ ವರದಿ ಬಂದದ್ದು 1982ರಲ್ಲಿ, ಜಪಾನಿನಿಂದ. ಅದು ಟ್ಯೂಬಿನ ಮಾಮೂಲಿ ಕೇಸಲ್ಲ, ಇದೇ ಇಂಟರ್‌ಸ್ಟಿಷಿಯಲ್ ಕೇಸು. ಇವತ್ತು ಲಕ್ಷಾಂತರ ಹೆಂಗಸರ ಟ್ಯೂಬ್ ಉಳಿಸಿದ ಔಷಧಿ ಶುರುವಾದದ್ದು ಒಂದು ಅಪರೂಪದ ಕೇಸಿನಿಂದ ಅಂತ ನೆನೆದರೆ ನನಗೆ ಈಗಲೂ ಆಶ್ಚರ್ಯ ಆಗುತ್ತದೆ. ಔಷಧಿ ಆಗದಿದ್ದರೆ ಲ್ಯಾಪ್ರೋಸ್ಕೋಪಿಯಲ್ಲಿ ಆ ಮೂಲೆಯನ್ನು ಬಿಡಿಸಿಯೋ ಕತ್ತರಿಸಿಯೋ ತೆಗೆದು ಹೊಲಿಯುತ್ತೇವೆ. ಹಾಗೆ ಹೊಲಿದವರಿಗೆ ಮುಂದಿನ ಗರ್ಭದಲ್ಲಿ ಆ ಹೊಲಿಗೆ ಬಿಚ್ಚಿಕೊಳ್ಳಬಹುದು. ಅದಕ್ಕೆ ಹೆರಿಗೆ ನೋವು ಶುರುವಾಗುವ ಮುಂಚೆಯೇ ಸಿಸೇರಿಯನ್ ಮಾಡುವುದು ರೂಢಿ. ಯಾವ ಶಸ್ತ್ರಚಿಕಿತ್ಸೆ ಆಯಿತು ಅನ್ನುವ ಕಾಗದ ಜೋಪಾನವಾಗಿ ಇಟ್ಟುಕೊಳ್ಳಿ.

ಹೊಸಿಲು

ತಿಳಿನೀರು ಅವರೇ, ತಪ್ಪು ತಿಳಿಯಬೇಡಿ. ಎದೆಬಡಿತ ಇತ್ತು ಅಂದಿರಿ. ಸ್ಕಾರ್ ಪ್ರೆಗ್ನೆನ್ಸಿ ಮುಂದುವರಿಸಿ ಜೀವಂತ ಮಗು ಪಡೆದವರೂ ಇದ್ದಾರೆ ಅಂತ ಓದಿದ್ದೇನೆ. ಹಾಗಿದ್ದ ಮೇಲೆ ತೆಗೆಯಲೇಬೇಕು ಅಂತ ಯಾಕೆ ಹೇಳುತ್ತಾರೆ? ನನ್ನ ತಂಗಿ ಈಗ ಇದೇ ಪ್ರಶ್ನೆಯ ಮುಂದೆ ಕೂತಿದ್ದಾಳೆ.

ತಿಳಿನೀರು

ತಪ್ಪೇನಿಲ್ಲ. ನಾನೂ ರಾತ್ರಿಯೆಲ್ಲ ಅದನ್ನೇ ಕೇಳಿಕೊಂಡೆ. ನನಗೆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಅವರಿಗೆ ನಾನು ಬೇಕು ಅನ್ನಿಸಿತು. ನಾನು ತೀರ್ಮಾನ ಮಾಡಿದ್ದು ಹಾಗೆ. ನಿಮ್ಮ ತಂಗಿಯದು ಬೇರೆ ಆಗಬಹುದು. ಡಾಕ್ಟರ್ ಮೇಡಂ ಹೇಳಲಿ.

ಪ್ರಸೂತಿವಾರ್ಡ್

ಹೊಸಿಲು ಅವರೇ, ನೀವು ಓದಿದ್ದು ನಿಜ. ಹಾಗೆ ಮಗು ಪಡೆದವರು ಇದ್ದಾರೆ. ಆದರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಮಾಸು ಗಾಯದೊಳಗೆ ಬೇರು ಬಿಟ್ಟು ಕೆಲವೊಮ್ಮೆ ಮೂತ್ರಕೋಶದ ತನಕ ಹೋಗುತ್ತದೆ. ಅದಕ್ಕೆ ಪ್ಲಾಸೆಂಟಾ ಅಕ್ರೀಟಾ ಅನ್ನುತ್ತೇವೆ. ಹೆರಿಗೆಯ ಹೊತ್ತಿಗೆ ಗರ್ಭಕೋಶವನ್ನೇ ತೆಗೆಯಬೇಕಾಗುವುದು, ಬಾಟಲಿಗಟ್ಟಲೆ ರಕ್ತ ಬೇಕಾಗುವುದು, ಮಧ್ಯದಲ್ಲೇ ಗರ್ಭಕೋಶ ಒಡೆಯುವುದು, ಇವು ಇಲ್ಲಿ ಎಂದೋ ಒಮ್ಮೆ ಆಗುವ ಸಂಗತಿಗಳಲ್ಲ. ಹಾಗಾಗಿ ಅಮೆರಿಕದ ತಾಯಿ-ಭ್ರೂಣ ತಜ್ಞರ ಸಂಘದ ಮಾರ್ಗಸೂಚಿ, ಎದೆಬಡಿತ ಇರುವ ಸ್ಕಾರ್ ಗರ್ಭವನ್ನು ಕಾದು ನೋಡಬೇಡಿ ಅಂತ ಸ್ಪಷ್ಟವಾಗಿ ಹೇಳುತ್ತದೆ. ಎಲ್ಲ ತಿಳಿದ ಮೇಲೂ ಮುಂದುವರಿಸುತ್ತೇನೆ ಅಂದವರಿಗೆ 34 ವಾರದಿಂದ 35 ವಾರ 6 ದಿನದೊಳಗೆ ಸಿಸೇರಿಯನ್ ಮಾಡಿ ಅನ್ನುತ್ತದೆ. ಅದೂ ಅಕ್ರೀಟಾ ನಿಭಾಯಿಸಿ ಅಭ್ಯಾಸ ಇರುವ ತಂಡ, ರಕ್ತನಿಧಿ, ನವಜಾತ ಶಿಶುಗಳ ಐಸಿಯು ಎಲ್ಲ ಇರುವ ಕಡೆ.

ಅದೇ ಮಾರ್ಗಸೂಚಿಯಲ್ಲಿ ಇನ್ನೆರಡು ಮಾತಿವೆ, ತಂಗಿಗೆ ಹೇಳಿ. ಕೈಗೆ ಅಥವಾ ಸೊಂಟಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಇಂಜೆಕ್ಷನ್ ಒಂದನ್ನೇ ನಂಬಿ ಕೂರಬಾರದು. ಬರೀ ಕ್ಯುರೆಟ್ ಹಾಕಿ ಕೆರೆಯುವ ಡಿ ಅಂಡ್ ಸಿ ಕೂಡ ಬೇಡ. ಸ್ಕ್ಯಾನ್ ನೋಡಿಕೊಂಡು ಸಕ್ಷನ್, ಸ್ಯಾಕಿನೊಳಗೆ ಔಷಧಿ, ಬಲೂನ್, ಲ್ಯಾಪ್ರೋಸ್ಕೋಪಿ ಅಥವಾ ಯೋನಿಯ ಮೂಲಕ ಆ ಜಾಗವನ್ನೇ ತೆಗೆದು ಹೊಲಿಯುವುದು, ಇವುಗಳಲ್ಲಿ ಯಾವುದು ಅನ್ನುವುದು ವಾರ ಎಷ್ಟು, ಗೋಡೆ ಎಷ್ಟು ದಪ್ಪ, ಮುಂದೆ ಮಗು ಬೇಕಾ ಅನ್ನುವುದರ ಮೇಲೆ ನಿಲ್ಲುತ್ತದೆ. ತೀರ್ಮಾನ ಅವಳದೇ ಇರಲಿ, ಆದರೆ ದಿನ ತಳ್ಳಬೇಡಿ. ಆರನೇ ವಾರಕ್ಕೂ ಒಂಬತ್ತನೇ ವಾರಕ್ಕೂ ತುಂಬಾ ವ್ಯತ್ಯಾಸ ಇದೆ.

ಮರದನೆರಳು

ನಾನು ಐವಿಎಫ್ ಮಾಡಿಸಿಕೊಂಡವಳು. ಎರಡು ಭ್ರೂಣ ಹಾಕಿದ್ದರು. ಆರನೇ ವಾರದ ಸ್ಕ್ಯಾನಿನಲ್ಲಿ ಒಂದು ಸ್ಯಾಕ್, ಜಾಗ ಸರಿ, ಎದೆಬಡಿತ ಸರಿ. ಎಲ್ಲರೂ ಖುಷಿ. ಹತ್ತು ದಿನಕ್ಕೆ ಎಡಗಡೆ ಕೆಳಹೊಟ್ಟೆ ನೋವು ಶುರುವಾಯಿತು. ಫೋನ್ ಮಾಡಿದರೆ ಅಂಡಾಶಯ ಊದಿರುತ್ತದೆ, ಐವಿಎಫ್ ಆದವರಿಗೆ ಮಾಮೂಲು ಅಂದರು. ಮಾರನೇ ದಿನ ಎದ್ದು ನಿಲ್ಲಲು ಹೋದರೆ ಕಣ್ಣು ಕತ್ತಲೆ, ಭುಜದ ತುದಿಯಲ್ಲಿ ಚುಚ್ಚಿದ ಹಾಗೆ ನೋವು. ಹೊಟ್ಟೆ ಬಿಟ್ಟು ಭುಜ ಯಾಕೆ ನೋಯುತ್ತದೆ ಅಂತಲೇ ನನಗೆ ತಿಳಿಯಲಿಲ್ಲ.

ಎರಡನೇ ಭ್ರೂಣ ಟ್ಯೂಬಿನಲ್ಲಿ ಬೆಳೆದು ಒಡೆದಿತ್ತು. ರಾತ್ರಿಯೇ ಲ್ಯಾಪ್ರೋಸ್ಕೋಪಿ ಮಾಡಿ ಟ್ಯೂಬ್ ತೆಗೆದರು. ಗರ್ಭಕೋಶದಲ್ಲಿದ್ದ ಮಗು ಉಳಿಯಿತು. ಈಗ ನನ್ನ ಪಕ್ಕದಲ್ಲೇ ಮಲಗಿದ್ದಾಳೆ.

ಪ್ರಸೂತಿವಾರ್ಡ್

ಇದನ್ನು ಹೆಟೆರೊಟೋಪಿಕ್ ಅನ್ನುತ್ತಾರೆ, ಒಂದು ಸರಿಯಾದ ಜಾಗದಲ್ಲಿ, ಒಂದು ತಪ್ಪು ಜಾಗದಲ್ಲಿ. ತಾನಾಗಿ ಆದ ಗರ್ಭಗಳಲ್ಲಿ 30,000ಕ್ಕೆ ಒಂದು ಅನ್ನುವ ಹಳೆಯ ಲೆಕ್ಕ ಇದೆ. ಐವಿಎಫ್‌ನಲ್ಲಿ ಇದು ಎಷ್ಟೋ ಪಟ್ಟು ಜಾಸ್ತಿ. ಗರ್ಭಕೋಶದಲ್ಲಿ ಒಂದು ಸ್ಯಾಕ್ ಕಂಡ ಕೂಡಲೇ ನೋಡುವವರ ಮನಸ್ಸು ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ. ಇಲ್ಲಿ ಗರ್ಭದ ಹಾರ್ಮೋನ್ ಅಳೆಯುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯೂ ಕೈಕೊಡುತ್ತದೆ, ಒಳಗಿನ ಗರ್ಭ ಚೆನ್ನಾಗಿ ಬೆಳೆಯುತ್ತಿರುವುದರಿಂದ ಅಂಕಿ ಸರಿಯಾಗಿಯೇ ಏರುತ್ತದೆ. ಉಳಿಯಬೇಕಾದ ಮಗು ಒಳಗಿದ್ದರೆ ಮೆಥೋಟ್ರೆಕ್ಸೇಟ್ ಕೊಡುವಂತೆಯೇ ಇಲ್ಲ.

ಭುಜದ ನೋವಿನ ಬಗ್ಗೆ: ಹೊಟ್ಟೆಯೊಳಗೆ ಸೋರಿದ ರಕ್ತ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮುಟ್ಟಿದಾಗ ಅಲ್ಲಿನ ನರದ ನೋವು ಭುಜದಲ್ಲಿ ಅನುಭವಕ್ಕೆ ಬರುತ್ತದೆ. ಗರ್ಭಿಣಿಯಾಗಿದ್ದು ಭುಜದ ತುದಿ ನೋವು, ತಲೆಸುತ್ತು, ಬೆವರು ಬಂದರೆ ಈ ಪುಟ ಓದುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೊರಡಿ. ನೀವೇ ಗಾಡಿ ಓಡಿಸಬೇಡಿ.

ಬಿಳಿಹೂ

ನನಗೆ ಸರ್ವಿಕ್ಸ್‌ನಲ್ಲಿ ಆಗಿತ್ತು. ಹಿಂದೆ ಎರಡು ಸಲ ಡಿ ಅಂಡ್ ಸಿ ಆಗಿತ್ತು, ಅದೂ ಒಂದು ಕಾರಣ ಇರಬಹುದು ಅಂದರು. ನೋವೇ ಇಲ್ಲದೆ ಕೆಂಪು ರಕ್ತ. ನನ್ನ ಅದೃಷ್ಟಕ್ಕೆ ಸ್ಕ್ಯಾನ್ ಮಾಡಿದವರು ಅಲ್ಲೇ ಗುರುತಿಸಿದರು. ಮೆಥೋಟ್ರೆಕ್ಸೇಟ್ ಆಯಿತು, ಗರ್ಭಕೋಶದ ರಕ್ತನಾಳವನ್ನು ತೊಡೆಯ ಸಂದಿಯಿಂದ ಕೊಳವೆ ತೂರಿಸಿ ಮುಚ್ಚಿದರು, ಆಮೇಲೆ ತೆಗೆದು ಫೋಲಿ ಬಲೂನ್ ಉಬ್ಬಿಸಿ ಇಟ್ಟರು. ಸರ್ವಿಕ್ಸ್‌ನಲ್ಲಿ ಸ್ನಾಯು ಕಡಿಮೆ, ಗರ್ಭಕೋಶದ ಹಾಗೆ ಬಿಗಿದುಕೊಂಡು ರಕ್ತ ನಿಲ್ಲಿಸುವುದಿಲ್ಲವಂತೆ, ಅದಕ್ಕೇ ಬಲೂನು. ಹಿಂದಿನ ಕಾಲದಲ್ಲಿ ಇದಕ್ಕೆ ಗರ್ಭಕೋಶ ತೆಗೆಯುವುದೇ ಹೆಚ್ಚಾಗಿತ್ತು ಅಂತ ನರ್ಸಮ್ಮ ಹೇಳಿದರು.

ಒಂದು ಪ್ರಶ್ನೆ. ಮೆಥೋಟ್ರೆಕ್ಸೇಟ್ ಆದ ನಾಲ್ಕನೇ ದಿನ ನನ್ನ ಎಚ್‌ಸಿಜಿ ಇಳಿಯುವ ಬದಲು ಏರಿತ್ತು. ಆ ದಿನ ಅತ್ತದ್ದು ಅಷ್ಟಿಷ್ಟಲ್ಲ. ಎಲ್ಲರಿಗೂ ಹೀಗಾಗುತ್ತದಾ?

ಪ್ರಸೂತಿವಾರ್ಡ್

ಆಗುತ್ತದೆ, ತುಂಬಾ ಜನರಿಗೆ. ಮೊದಲೇ ಹೇಳಿರಬೇಕಿತ್ತು. ಒಂದೇ ಡೋಸ್ ಪದ್ಧತಿಯಲ್ಲಿ ನಾವು ನೋಡುವುದು ನಾಲ್ಕನೇ ದಿನಕ್ಕೂ ಏಳನೇ ದಿನಕ್ಕೂ ಇರುವ ಇಳಿಕೆಯನ್ನು. ಕನಿಷ್ಠ 15% ಇಳಿಯಬೇಕು. ನಾಲ್ಕನೇ ದಿನ 2400 ಇದ್ದದ್ದು ಏಳನೇ ದಿನ 2000 ಆದರೆ ಸರಿ. 2100 ಆದರೆ ಸಾಲದು, ಇನ್ನೊಂದು ಡೋಸ್ ಯೋಚಿಸುತ್ತೇವೆ. ಸರಿ ಇದ್ದರೂ ವಾರಕ್ಕೊಮ್ಮೆ ಪರೀಕ್ಷೆ, ಗರ್ಭ ಇಲ್ಲದ ಮಟ್ಟಕ್ಕೆ ಬರುವ ತನಕ. ಅಪರೂಪದ ಜಾಗಗಳಲ್ಲಿ ಶುರುವಿನ ಅಂಕಿಯೇ ಜಾಸ್ತಿ ಇರುತ್ತದೆ, ಹಾಗಾಗಿ ಹಲವು ಡೋಸ್ ಬೇಕಾಗಬಹುದು, ತಿಂಗಳುಗಳೂ ಹಿಡಿಯಬಹುದು.

ಆ ಅವಧಿಯಲ್ಲಿ ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಿ. ತುಂಬಾ ಜನ ಗರ್ಭಿಣಿಯಾದಾಗ ಶುರು ಮಾಡಿದ್ದನ್ನು ಹಾಗೇ ನುಂಗುತ್ತಿರುತ್ತಾರೆ, ಅದು ಈ ಔಷಧಿಗೆ ಅಡ್ಡ ಬರುತ್ತದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಮದ್ಯ, ಲೈಂಗಿಕ ಸಂಪರ್ಕ ಬೇಡ. ಬಿಸಿಲಿಗೆ ಮೈ ಒಡ್ಡಬೇಡಿ. ಎದೆಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ. ಮುಗಿದ ಮೇಲೆ ಕನಿಷ್ಠ ಮೂರು ತಿಂಗಳು ಗರ್ಭ ಬೇಡ ಅನ್ನುತ್ತೇವೆ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ನೀವೇ ನೆನಪಿಸಿ ಕೇಳಿ.

ಹೊಸಿಲು

ಅಂಡಾಶಯದಲ್ಲಿ, ಹೊಟ್ಟೆಯಲ್ಲಿ ಆಗುವುದರ ಬಗ್ಗೆ ಯಾರೂ ಬರೆಯಲಿಲ್ಲ?

ಸ್ಕ್ಯಾನ್‌ಕೋಣೆ

ಅಂಡಾಶಯದ್ದು ಸ್ಕ್ಯಾನಿನಲ್ಲಿ ಹಿಡಿಯುವುದು ಬಹಳ ಕಷ್ಟ. ಅಂಡ ಬಿಡುಗಡೆ ಆದ ಜಾಗದಲ್ಲಿ ಪ್ರತಿ ಗರ್ಭಿಣಿಗೂ ಒಂದು ಸಣ್ಣ ಗಂಟು ಇರುತ್ತದೆ, ಅದರ ಸುತ್ತಲೂ ಡಾಪ್ಲರ್‌ನಲ್ಲಿ ಬಣ್ಣದ ಉಂಗುರ ಕಾಣುತ್ತದೆ, ಎಕ್ಟೋಪಿಕ್ ಸುತ್ತಲೂ ಅದೇ ಉಂಗುರ. ಎಷ್ಟೋ ಸಲ ಆಪರೇಷನ್ ಮಾಡಿದಾಗಲೇ ಗೊತ್ತಾಗುತ್ತದೆ. ಖಚಿತವಾಗಿ ಹೇಳುವುದು ಪೆಥಾಲಜಿಯವರು. ಅದಕ್ಕೆ ಈಗಲೂ ಬಳಸುವ ಸ್ಪೀಗೆಲ್‌ಬರ್ಗ್ ನಿಯಮಗಳು 1878ರವು. ಕಾಪರ್-ಟಿ ಇದ್ದೂ ಗರ್ಭ ನಿಂತರೆ ಇದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೊಟ್ಟೆಯಲ್ಲಿ ಆದದ್ದಕ್ಕೆ ಎಂಆರ್‌ಐ ಉಪಯೋಗಕ್ಕೆ ಬರುತ್ತದೆ, ಮಾಸು ಯಾವ ಅಂಗಕ್ಕೆ ಅಂಟಿದೆ ಅಂತ ನೋಡಲು. ಕರುಳಿಗೋ ದೊಡ್ಡ ರಕ್ತನಾಳಕ್ಕೋ ಅಂಟಿದ್ದರೆ ಮಾಸನ್ನು ಕೀಳದೆ ಒಳಗೇ ಬಿಡುವುದೂ ಉಂಟು.

ಸಣ್ಣಹೆಜ್ಜೆ

ಇದನ್ನೆಲ್ಲ ಓದಿ ಕೈ ನಡುಗುತ್ತಿದೆ. ನನಗೆ ಒಂದು ಸಿಸೇರಿಯನ್ ಆಗಿದೆ. ಈಗ ಆರು ವಾರ ಮೂರು ದಿನ. ನಿನ್ನೆಯ ರಿಪೋರ್ಟಿನಲ್ಲಿ "ಸ್ಯಾಕ್ ಕೆಳಭಾಗದಲ್ಲಿದೆ" ಅಂತಷ್ಟೇ ಇದೆ. ರಕ್ತ ಇಲ್ಲ, ನೋವು ಇಲ್ಲ. ಎರಡು ವಾರ ಬಿಟ್ಟು ಬನ್ನಿ ಅಂದಿದ್ದಾರೆ.

ತಿಳಿನೀರು

ಎರಡು ವಾರ ಕಾಯಬೇಡಿ. ಭಯಪಡುವಂಥದ್ದು ಏನೂ ಇಲ್ಲದೆಯೂ ಇರಬಹುದು. ನಾಳೆ ಹೋಗಿ ಟಿವಿಎಸ್ ಮಾಡಿಸಿ. ಹೋದ ಕೂಡಲೇ ಹಳೆಯ ಸಿಸೇರಿಯನ್ ಬಗ್ಗೆ ಹೇಳಿ, ಸ್ಕ್ಯಾನ್ ಮಾಡುವವರಿಗೆ ಎಷ್ಟೋ ಸಲ ಅದೇ ಗೊತ್ತಿರುವುದಿಲ್ಲ. "ಸ್ಯಾಕಿಗೂ ಹೊಲಿಗೆಯ ಜಾಗಕ್ಕೂ ಎಷ್ಟು ದೂರ, ಸ್ಯಾಕಿಗೂ ಮೂತ್ರಕೋಶಕ್ಕೂ ನಡುವೆ ಎಷ್ಟು ದಪ್ಪ ಸ್ನಾಯು ಇದೆ, ರಿಪೋರ್ಟಿನಲ್ಲಿ ಬರೆದುಕೊಡಿ" ಅಂತ ಕೇಳಿ. ಅಳುಕು ಬೇಡ. ನಾನು ಮೊದಲ ಸಲ ಕೇಳಲಿಲ್ಲ.

ಸಣ್ಣಹೆಜ್ಜೆ

ಇವತ್ತು ಹೋಗಿ ಬಂದೆ. ಕೇಳಿದಾಗ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಇನ್ನೊಂದು ಸಲ ನಿಧಾನವಾಗಿ ನೋಡಿ, ಅಳತೆ ಹಾಕಿ ತೋರಿಸಿದರು. ರಿಪೋರ್ಟಿನಲ್ಲಿ ಈ ಸಲ ಎರಡು ಸಾಲು ಜಾಸ್ತಿ ಇದೆ: "ಸ್ಯಾಕ್ ಒಳಪದರದೊಳಗೆ, ಸಿಸೇರಿಯನ್ ಗುರುತಿನಿಂದ ಮೇಲೆ. ಮುಂದಿನ ಗೋಡೆಯ ದಪ್ಪ 9 ಮಿಲಿಮೀಟರ್." ಒಂದು ವಾರ ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ.

ಹೊಸಿಲು

ತಂಗಿಯನ್ನು ನಾಳೆ ಬೆಳಿಗ್ಗೆ ದೊಡ್ಡ ಆಸ್ಪತ್ರೆಗೆ ಸೇರಿಸುತ್ತಿದ್ದೇವೆ. ಡಾಕ್ಟರ್ ಮೇಡಂ ಬರೆದದ್ದನ್ನು ಅವಳೇ ಎರಡು ಸಲ ಓದಿದಳು. ಏಳು ವಾರ ಈಗ. ಆದ ಮೇಲೆ ಇಲ್ಲೇ ಬರೆಯುತ್ತೇನೆ.